ಪ್ಯಾಕರ್ಡ್ ಕಾರು ಮತ್ತು ಲೆಕ್ಕಪುಸ್ತಕದಲ್ಲಿ ಕಾಣದ ಸವಕಳಿ

ಯಂತ್ರಕ್ಕೆ ಸವಕಳಿ ಇದೆ, ಕಟ್ಟಡಕ್ಕೆ ಸವಕಳಿ ಇದೆ, ಕಚೇರಿಯ ಮೇಜು ಕುರ್ಚಿಗಳಿಗೂ ಸವಕಳಿ ಇದೆ. ಪ್ರತಿವರ್ಷ ಮಾರ್ಚ್ 31ಕ್ಕೆ ನಾವು ಲೆಕ್ಕಪರಿಶೋಧಕರು ಇವೆಲ್ಲಕ್ಕೂ ದರ ಹಾಕಿ, ಮೊತ್ತ ತೆಗೆದು, ಲಾಭ-ನಷ್ಟ ಖಾತೆಗೆ ಖರ್ಚು ಬರೆಯುತ್ತೇವೆ. ಆದರೆ ವ್ಯಾಪಾರಸ್ಥನ ಅತ್ಯಂತ ಬೆಲೆಬಾಳುವ ಆಸ್ತಿಯೊಂದು ಈ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಅದು ಅವನ ಹೆಸರು. ಆ ಹೆಸರು ಬೆಳೆದರೂ ನಮ್ಮ ಲೆಕ್ಕಕ್ಕೆ ಬಾರದು, ಸವೆದರೂ ಬಾರದು. ಈ ಮಾತನ್ನು ಒಂದು ಹಳೆಯ ಅಮೆರಿಕನ್ ಕಾರಿನ ಇತಿಹಾಸದ ಮೂಲಕ ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಹಲಸೂರಿನ ನನ್ನ ಕಚೇರಿಗೆ ಇತ್ತೀಚೆಗೆ ಬಂದ ಕಕ್ಷಿದಾರರೊಬ್ಬರು ಈ ವಿಚಾರಕ್ಕೆ ಕಾರಣರಾದರು. ಅವರದು ಕೃಷ್ಣರಾಜಪುರದ ಬಳಿ ತೂಕದ ಯಂತ್ರಗಳನ್ನು ತಯಾರಿಸುವ ಸಣ್ಣ ಘಟಕ. ತಂದೆಯವರ ಕಾಲದಲ್ಲಿ ಕಬ್ಬಿಣದ ತಕ್ಕಡಿಯಿಂದ ಆರಂಭವಾದದ್ದು ಇಂದು ಎಲೆಕ್ಟ್ರಾನಿಕ್ ತಕ್ಕಡಿಗೆ ಬಂದು ನಿಂತಿದೆ. ಶಿವಾಜಿನಗರದ ತರಕಾರಿ, ಮಾಂಸ, ಒಣಹಣ್ಣಿನ ಅಂಗಡಿಗಳಲ್ಲಿ ಅವರ ಮನೆತನದ ಹೆಸರಿರುವ ತಕ್ಕಡಿಗೆ ಒಂದು ಗೌರವವಿದೆ. ಗಿರಾಕಿ ಮುಳ್ಳನ್ನಾಗಲಿ ಅಂಕಿಯನ್ನಾಗಲಿ ಅನುಮಾನಿಸುವುದಿಲ್ಲ. ಈಗ ಅವರಿಗೆ ಹೊರದೇಶದಿಂದ ಅರ್ಧ ಬೆಲೆಗೆ ಸಿದ್ಧ ಯಂತ್ರಗಳು ದೊರೆಯುತ್ತಿವೆ. ಮಾದರಿ ಅನುಮೋದನೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ, ಎಲ್ಲವೂ ಕ್ರಮಬದ್ಧ. "ನಮ್ಮ ಹೆಸರಿನ ಪಟ್ಟಿ ಅಂಟಿಸಿ ಮಾರಿದರೆ ಎರಡೇ ವರ್ಷದಲ್ಲಿ ವಹಿವಾಟು ಮೂರರಷ್ಟಾಗುತ್ತದೆ. ತಪ್ಪೇನು ಸಾರ್?" ಎಂಬುದು ಅವರ ಪ್ರಶ್ನೆ. ಬ್ಯಾಂಕಿಗೆ ಸಲ್ಲಿಸಲು ಮುಂದಿನ ಐದು ವರ್ಷಗಳ ಅಂದಾಜು ಪಟ್ಟಿಯನ್ನು ನಾನು ಸಿದ್ಧಪಡಿಸಿ ಕೊಡಬೇಕಿತ್ತು.

ಕಾನೂನಿನ ದೃಷ್ಟಿಯಿಂದ ತಪ್ಪೇನೂ ಇರಲಿಲ್ಲ. ಆದರೂ ಪೆನ್ನು ಮುಂದೆ ಹೋಗಲಿಲ್ಲ. ನನಗೆ ನೆನಪಾದದ್ದು ಪ್ಯಾಕರ್ಡ್.

ಬೆಂಗಳೂರಿಗೆ ಬಾರದ ಕಾರ್ಖಾನೆ

ಅಮೆರಿಕದ ಕಾರಿಗೂ ನಮ್ಮ ದಂಡುಪ್ರದೇಶಕ್ಕೂ ಎಲ್ಲಿಯ ಸಂಬಂಧವೆಂದು ಓದುಗರು ಕೇಳಬಹುದು. ದಂಡುಪ್ರದೇಶದ ಬಂಗಲೆಗಳ ಅಂಗಳದಲ್ಲಿ ಉದ್ದನೆಯ ಅಮೆರಿಕನ್ ಕಾರುಗಳು ಮಳೆಮರದ ನೆರಳಿನಲ್ಲಿ ನಿಂತಿದ್ದುದನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡಿದ್ದೇವೆ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು 1950ರ ದಶಕದ ಮಧ್ಯದ ವೇಳೆಗೆ ಭಾರತದಲ್ಲಿ ಕಾರು ಜೋಡಿಸುವುದನ್ನು ನಿಲ್ಲಿಸಿದ ಮೇಲೆ, ಅಂತಹ ಗಾಡಿಗಳು ಓಡಿದ್ದು ಮೇಸ್ತ್ರಿಗಳ ಕೈಚಳಕದಿಂದ ಮತ್ತು ಗುಜರಿ ಅಂಗಡಿಗಳ ಬಿಡಿಭಾಗಗಳಿಂದ.

ಆದರೆ ಇದಕ್ಕಿಂತ ಗಾಢವಾದ ಸಂಬಂಧವೊಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ಸಂಕಲ್ಪಿಸಿ, 1935ರಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ ಅಲ್ಲಿನ ಕಾರ್ಖಾನೆಗಳನ್ನು ಅಭ್ಯಸಿಸಿದರು. ಆಗ ಅವರಿಗೆ 74ರ ಪ್ರಾಯ. ಯೋಜನೆಗೆ ಕೈಜೋಡಿಸಿದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ಕ್ರೈಸ್ಲರ್ ಕಂಪನಿಯೊಂದಿಗೆ ಮಾತುಕತೆ ನಡೆಸಿದರು. ಕಾರ್ಖಾನೆಗೆ ನೆರವು ನೀಡಲು ಮೈಸೂರು ಸರ್ಕಾರ ಸಿದ್ಧವಿತ್ತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಕೊನೆಗೆ 1944ರಲ್ಲಿ ವಾಲ್‌ಚಂದ್ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಮುಂಬಯಿಯ ಪಾಲಾಯಿತು. ಆದರೆ 1939ರಲ್ಲಿ ಕಾರಿನ ಕೆಲಸಕ್ಕೆಂದೇ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್ ಅವರಿಗೆ ಪ್ರಯಾಣದಲ್ಲಿ ವಿಮಾನ ಉದ್ಯಮಿ ವಿಲಿಯಂ ಪಾಲಿ ಅವರ ಪರಿಚಯವಾಗಿತ್ತು. ಅದರ ಫಲವೇ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಹಲಸೂರಿನಿಂದಾಚೆ ನಗರದ ಪೂರ್ವಕ್ಕೆ ತಲೆಯೆತ್ತಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಕಾರು ಕೇಳಲು ಹೋದವರು ವಿಮಾನ ತಂದರು. ಪೂರ್ವ ಬೆಂಗಳೂರಿನ ಸಣ್ಣ ಕೈಗಾರಿಕೆಗಳ ಬೇರು ಬಹುಮಟ್ಟಿಗೆ ಅಲ್ಲಿದೆ.

ಈ ಪ್ರಸಂಗದಲ್ಲಿ ಒಬ್ಬ ಲೆಕ್ಕಪರಿಶೋಧಕನಿಗೆ ಎದ್ದು ಕಾಣುವ ಸಂಗತಿಯೆಂದರೆ ಅದರ ಅನುಕ್ರಮ. ವಿಶ್ವೇಶ್ವರಯ್ಯನವರು ಮೊದಲು ಹೋಗಿ ನೋಡಿದರು, ಲೆಕ್ಕ ಹಾಕಿದರು, ಆಮೇಲೆ ಬಂಡವಾಳ ಕೇಳಿದರು. ಮುಂದೆ ಹೇಳಲಿರುವ ಕಂಪನಿಯಾದರೋ ಮೊದಲು ಸಹಿ ಹಾಕಿತು, ಆಮೇಲೆ ಲೆಕ್ಕ ನೋಡಿತು.

ಹೆಸರು ಬೆಳೆದ ಬಗೆ

ಪ್ಯಾಕರ್ಡ್ ಕಂಪನಿ 1899ರಲ್ಲಿ ಓಹಾಯೊ ರಾಜ್ಯದ ವಾರೆನ್ ಪಟ್ಟಣದಲ್ಲಿ ಆರಂಭವಾಯಿತು. ಜೇಮ್ಸ್ ವಾರ್ಡ್ ಪ್ಯಾಕರ್ಡ್ ಎಂಬ ಎಂಜಿನಿಯರ್ ತಾನು ಕೊಂಡಿದ್ದ ವಿಂಟನ್ ಕಾರಿನ ದೋಷಗಳನ್ನು ಅದರ ತಯಾರಕರ ಬಳಿ ಹೇಳಿಕೊಂಡಾಗ, "ಅಷ್ಟು ತಿಳಿದಿದ್ದರೆ ನೀವೇ ಒಂದು ಮಾಡಿಕೊಳ್ಳಿ" ಎಂಬ ಅರ್ಥದ ಉತ್ತರ ಬಂದಿತಂತೆ. ಅವರು ಮಾಡಿಯೇಬಿಟ್ಟರು. ಗಿರಾಕಿಯ ದೂರನ್ನು ಕಡೆಗಣಿಸಿದರೆ ಪ್ರತಿಸ್ಪರ್ಧಿ ಹುಟ್ಟುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು.

ಕಂಪನಿ 1903ರಲ್ಲಿ ಡೆಟ್ರಾಯಿಟ್‌ಗೆ ಸ್ಥಳಾಂತರಗೊಂಡಿತು. ವಾಸ್ತುಶಿಲ್ಪಿ ಆಲ್ಬರ್ಟ್ ಕಾನ್ ಅವರು ಅಲ್ಲಿ ನಿರ್ಮಿಸಿದ ಕಾರ್ಖಾನೆ, ಮುಖ್ಯವಾಗಿ 1905ರ ಬಲವರ್ಧಿತ ಕಾಂಕ್ರೀಟಿನ ಕಟ್ಟಡ, ಮುಂದಿನ ಕೈಗಾರಿಕಾ ಕಟ್ಟಡಗಳಿಗೆ ಮಾದರಿಯಾಯಿತು. 1915ರಲ್ಲಿ ಹನ್ನೆರಡು ಸಿಲಿಂಡರಿನ 'ಟ್ವಿನ್ ಸಿಕ್ಸ್' ಬಂದಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ಸಿರಿವಂತಿಕೆಯ ಕಾರೆಂದರೆ ಪ್ಯಾಕರ್ಡ್. ಕ್ಯಾಡಿಲಾಕ್ ಆಗ ಅದರ ಹಿಂದಿತ್ತು. ಕಂಪನಿಯ ಜಾಹೀರಾತಿನ ಘೋಷಣೆ ಬಹು ಸರಳವಾಗಿತ್ತು: ಈ ಕಾರನ್ನು ಇಟ್ಟುಕೊಂಡವರನ್ನೇ ಕೇಳಿ ನೋಡಿ. ತನ್ನ ಗುಣಗಾನವನ್ನು ತಾನು ಮಾಡಿಕೊಳ್ಳದೆ ಗಿರಾಕಿಯ ಬಾಯಿಗೆ ಬಿಟ್ಟ ಕಂಪನಿ ಅದು. ಹೆಸರು ಎಂಬ ಬಂಡವಾಳ ಕೂಡಿದ್ದು ಹೀಗೆ, ಒಂದೊಂದು ಕಾರಿನಿಂದ, ಮೂವತ್ತೈದು ವರ್ಷಗಳ ಅವಧಿಯಲ್ಲಿ.

1935ರ ತೀರ್ಮಾನ

1929ರ ನಂತರದ ಮಹಾ ಆರ್ಥಿಕ ಕುಸಿತದಲ್ಲಿ ದುಬಾರಿ ಕಾರುಗಳ ಮಾರುಕಟ್ಟೆ ಒಣಗಿತು. 1934ರಲ್ಲಿ ಪ್ಯಾಕರ್ಡಿನ ಉತ್ಪಾದನೆ ಹತ್ತು ಸಾವಿರದ ಒಳಗೆ ಇಳಿದು, ಕಂಪನಿ ದೊಡ್ಡ ನಷ್ಟ ಅನುಭವಿಸಿತು. ಆಗ ಅಧ್ಯಕ್ಷ ಆಲ್ವನ್ ಮೆಕಾಲಿಯವರ ಆಡಳಿತ ಮಧ್ಯಮ ಬೆಲೆಯ ಕಾರು ತಯಾರಿಸಲು ನಿರ್ಧರಿಸಿತು. 1935ರಲ್ಲಿ ಬಂದ 'ಒನ್-ಟ್ವೆಂಟಿ' ಮಾದರಿಯ ಬೆಲೆ ಸಾವಿರ ಡಾಲರಿನ ಆಸುಪಾಸಿನಲ್ಲಿತ್ತು. ಎರಡು ವರ್ಷಗಳ ಬಳಿಕ ಇನ್ನೂ ಅಗ್ಗದ 'ಸಿಕ್ಸ್' ಬಂದಿತು. 1937ರಲ್ಲಿ ಉತ್ಪಾದನೆ ಒಂದು ಲಕ್ಷದ ಗಡಿ ದಾಟಿತು.

ಈ ತೀರ್ಮಾನವನ್ನು ತಪ್ಪೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಅದೇ ವರ್ಗದ ಕಾರು ತಯಾರಿಸುತ್ತಿದ್ದ ಪಿಯರ್ಸ್-ಆರೊ, ಮಾರ್ಮನ್, ಡ್ಯೂಸೆನ್‌ಬರ್ಗ್ ಮೊದಲಾದವು 1930ರ ದಶಕದಲ್ಲಿಯೇ ಕಣ್ಮುಚ್ಚಿದವು. ಒನ್-ಟ್ವೆಂಟಿ ಇಲ್ಲದಿದ್ದರೆ ಪ್ಯಾಕರ್ಡ್ ಕೂಡ ಅವುಗಳ ಸಾಲಿಗೆ ಸೇರುತ್ತಿತ್ತು. ಅದು ಕೆಟ್ಟ ಕಾರೂ ಆಗಿರಲಿಲ್ಲ, ಕೊಟ್ಟ ಬೆಲೆಗೆ ತಕ್ಕುದಾಗಿತ್ತು. ಸಂಬಳದ ದಿನ ಹತ್ತಿರ ಬಂದಾಗ ಮಾಲೀಕನ ಎದೆಯಲ್ಲಿ ಏನಾಗುತ್ತದೆಂಬುದನ್ನು ಬಲ್ಲ ಯಾರೂ ಮೆಕಾಲಿಯವರನ್ನು ದೂಷಿಸಲಾರರು.

ಪ್ರಶ್ನೆ ಇರುವುದು ಅಗ್ಗದ ಕಾರು ಮಾಡಿದ್ದರ ಬಗ್ಗೆಯಲ್ಲ, ಅದಕ್ಕೆ ಇಟ್ಟ ಹೆಸರಿನ ಬಗ್ಗೆ. ಜನರಲ್ ಮೋಟಾರ್ಸ್ ಕಂಪನಿಯೂ ಕ್ಯಾಡಿಲಾಕ್‌ಗಿಂತ ಕಡಿಮೆ ಬೆಲೆಯ ಕಾರು ಮಾರಿತು. ಆದರೆ 1927ರಿಂದ 1940ರವರೆಗೆ ಅದಕ್ಕೆ 'ಲಾಸಾಲ್' ಎಂಬ ಬೇರೆ ಹೆಸರಿತ್ತು. ಆ ಹೆಸರು ಬೇಡವಾದಾಗ ಅದನ್ನು ನಿಲ್ಲಿಸಲಾಯಿತು, ಕ್ಯಾಡಿಲಾಕ್‌ಗೆ ಕಲೆ ತಾಗಲಿಲ್ಲ. ಪ್ಯಾಕರ್ಡಿನಲ್ಲಾದರೋ ಸಾವಿರ ಡಾಲರಿನ ಕಾರಿಗೂ ಹಲವು ಸಾವಿರ ಡಾಲರಿನ ಕಾರಿಗೂ ಒಂದೇ ಹೆಸರು, ಒಂದೇ ಬಗೆಯ ಮುಂಭಾಗ. ಕೆಳಗಿನವನಿಗೆ ಅದು ಹೆಮ್ಮೆಯಾಯಿತು. ಮೇಲಿನವನು ಸದ್ದಿಲ್ಲದೆ ಕ್ಯಾಡಿಲಾಕ್ ಅಂಗಡಿಯತ್ತ ನಡೆದ.

ಇಲ್ಲಿ ಲೆಕ್ಕಶಾಸ್ತ್ರದ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ 2003ರಿಂದ ಹಂತಹಂತವಾಗಿ ಜಾರಿಗೆ ಬಂದ ಲೆಕ್ಕಪತ್ರ ಮಾನದಂಡ 26ರ ಪ್ರಕಾರ, ಸಂಸ್ಥೆ ತಾನೇ ಬೆಳೆಸಿಕೊಂಡ ಗುಡ್‌ವಿಲ್ ಅಥವಾ ಬ್ರ್ಯಾಂಡ್ ಅನ್ನು ಆಸ್ತಿಯೆಂದು ಬ್ಯಾಲೆನ್ಸ್ ಶೀಟಿನಲ್ಲಿ ತೋರಿಸುವಂತಿಲ್ಲ. ಹಣ ಕೊಟ್ಟು ಕೊಂಡದ್ದಾದರೆ ಮಾತ್ರ ತೋರಿಸಬಹುದು. ಇದು ಸರಿಯಾದ ನಿಯಮವೇ. ಇಲ್ಲದಿದ್ದರೆ ತನ್ನ ಹೆಸರಿಗೆ ತಾನೇ ಕೋಟಿ ಬೆಲೆ ಕಟ್ಟಿಕೊಳ್ಳುವವರಿಗೆ ಕೊರತೆಯಿರದು. ಆದರೆ ಅದರ ಪರಿಣಾಮವನ್ನು ಮಾಲೀಕರು ಅರಿತಿರಬೇಕು. ಪುಸ್ತಕದಲ್ಲಿ ಇಲ್ಲದ ಆಸ್ತಿ ಸವೆದಾಗ ಸವಕಳಿಯೂ ಪುಸ್ತಕಕ್ಕೆ ಬಾರದು. ಹೆಸರನ್ನು ಅಗ್ಗದ ಮಾಲಿಗೆ ಅಂಟಿಸಿದ ದಿನ ಬಂದ ಹಣವೆಲ್ಲ ಲಾಭವೆಂದೇ ಕಾಣುತ್ತದೆ. ಅದರಲ್ಲಿ ಎಷ್ಟು ಪಾಲು ನಿಜವಾದ ಲಾಭ, ಎಷ್ಟು ಪಾಲು ಹಿಂದಿನವರು ಕೂಡಿಟ್ಟ ಅಸಲು ಎಂದು ಹೇಳುವ ಕಾಲಂ ನಮ್ಮ ಯಾವ ನಮೂನೆಯಲ್ಲಿಯೂ ಇಲ್ಲ.

ಪ್ಯಾಟ್ರಿಷಿಯನ್: ತಡವಾಗಿ ಬಂದ ತಿದ್ದುಪಡಿ

ಎರಡನೆಯ ಮಹಾಯುದ್ಧದಲ್ಲಿ ಪ್ಯಾಕರ್ಡ್ ಕಂಪನಿ ರೋಲ್ಸ್-ರಾಯ್ಸ್ ವಿನ್ಯಾಸದ ಮರ್ಲಿನ್ ವಿಮಾನ ಎಂಜಿನುಗಳನ್ನು 55 ಸಾವಿರಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿಕೊಟ್ಟಿತು. ಯುದ್ಧ ಮುಗಿದಾಗ ಕಂಪನಿಯ ಹಣಕಾಸು ಸ್ಥಿತಿ ಉತ್ತಮವಾಗಿತ್ತು. ಕಾರು ಸಿಕ್ಕರೆ ಸಾಕೆಂದು ಜನ ಕಾದಿದ್ದ ಕಾಲ ಅದು. ಏನು ಮಾಡಿದರೂ ಮಾರಾಟವಾಗುತ್ತಿದ್ದ ಆ ದಿನಗಳೇ ಹೆಸರನ್ನು ಮತ್ತೆ ಮೇಲಕ್ಕೆತ್ತಲು ಸುಸಮಯವಾಗಿತ್ತು. ಆದರೆ ಕಂಪನಿ ಅಗ್ಗದ ಮಾದರಿಗಳನ್ನೇ ಮುಖ್ಯವಾಗಿ ಹೊರತಂದಿತು. 1949ರಲ್ಲಿ ಕ್ಯಾಡಿಲಾಕ್ ಹೊಸ ಬಗೆಯ ವಿ-8 ಎಂಜಿನ್ ಅಳವಡಿಸಿತು. ಪ್ಯಾಕರ್ಡ್ 1954ರವರೆಗೂ ಹಳೆಯ ನೇರ ಸಾಲಿನ ಎಂಟು ಸಿಲಿಂಡರನ್ನೇ ನಂಬಿತು.

1951ರಲ್ಲಿ ಬಂದದ್ದು 'ಪ್ಯಾಟ್ರಿಷಿಯನ್ 400'. ಹೆಸರೇ ಸೂಚಿಸುವಂತೆ ಕುಲೀನರ ಕಾರು. ಗಟ್ಟಿಮುಟ್ಟಾದ ಎಂಜಿನ್, ಒಳಗೆ ಬೆಲೆಬಾಳುವ ಬಟ್ಟೆಯ ಹೊದಿಕೆ, ತೂಗುವ ತೊಟ್ಟಿಲಿನಂತಹ ಪ್ರಯಾಣ. ಆದರೆ ಅದೇ ವರ್ಷದ, ಅದೇ ಮೂಲ ವಿನ್ಯಾಸದ '200' ಮಾದರಿ ಪ್ಯಾಟ್ರಿಷಿಯನ್‌ಗಿಂತ ಸಾವಿರ ಡಾಲರಿಗೂ ಹೆಚ್ಚು ಕಡಿಮೆ ಬೆಲೆಗೆ ದೊರೆಯುತ್ತಿತ್ತು, ಅದೂ ಪ್ಯಾಕರ್ಡ್ ಹೆಸರಿನಲ್ಲಿಯೇ. ಮೊದಲ ವರ್ಷ ಸುಮಾರು ಒಂಬತ್ತು ಸಾವಿರ ಪ್ಯಾಟ್ರಿಷಿಯನ್‌ಗಳು ತಯಾರಾದವು.

1952ರಲ್ಲಿ ಅಧ್ಯಕ್ಷರಾಗಿ ಬಂದ ಜೇಮ್ಸ್ ನ್ಯಾನ್ಸ್ ರೋಗವನ್ನು ಸರಿಯಾಗಿ ಗುರುತಿಸಿದರು. ಪ್ಯಾಕರ್ಡ್ ಎಂಬ ಹೆಸರು ದುಬಾರಿ ಕಾರಿಗೆ ಮಾತ್ರ, ಅಗ್ಗದ್ದಕ್ಕೆ 'ಕ್ಲಿಪ್ಪರ್' ಎಂಬ ಬೇರೆ ಹೆಸರು ಎಂದು ಹಂತಹಂತವಾಗಿ ಬೇರ್ಪಡಿಸತೊಡಗಿದರು. 1956ರಲ್ಲಿ ಕ್ಲಿಪ್ಪರ್ ಪೂರ್ತಿ ಪ್ರತ್ಯೇಕ ಹೆಸರಾಯಿತು. ಆಗ ವಿತರಕರೇ ವಿರೋಧಿಸಿದರು. ಪ್ಯಾಕರ್ಡ್ ಹೆಸರಿಲ್ಲದೆ ಆ ಕಾರು ಮಾರುವುದು ಕಷ್ಟವೆಂಬುದು ಅವರ ಅಳಲು. ಕೊನೆಗೆ ಕ್ಲಿಪ್ಪರಿನ ಹಿಂಭಾಗಕ್ಕೆ ಪ್ಯಾಕರ್ಡ್ ಎಂಬ ಅಕ್ಷರಗಳು ಮರಳಿ ಬಂದವು. 1935ರಲ್ಲಿ ಒಂದು ದಿನದಲ್ಲಿ ಆಗಬಹುದಾಗಿದ್ದ ಬೇರ್ಪಡೆ ಇಪ್ಪತ್ತು ವರ್ಷಗಳ ಬಳಿಕ ಅಸಾಧ್ಯವಾಗಿತ್ತು.

ಇತರರ ಕೈಯಲ್ಲಿದ್ದ ಮೈಕಟ್ಟು

ಹೆಸರಿನ ಸವಕಳಿಯೊಂದೇ ಪ್ಯಾಕರ್ಡನ್ನು ಮುಳುಗಿಸಿತೆಂದರೆ ಅರ್ಧಸತ್ಯವಾದೀತು. 1941ರಿಂದ ಕಂಪನಿ ತನ್ನ ಕಾರುಗಳ ಮೈಕಟ್ಟನ್ನು ತಾನು ಮಾಡದೆ ಬ್ರಿಗ್ಸ್ ಎಂಬ ಹೊರಗಿನ ಕಂಪನಿಗೆ ಒಪ್ಪಿಸತೊಡಗಿತ್ತು. ಅಂದಿನ ಲೆಕ್ಕದಲ್ಲಿ ಅದು ಉಳಿತಾಯ. ಆದರೆ 1953ರ ಕೊನೆಯಲ್ಲಿ ಕ್ರೈಸ್ಲರ್ ಕಂಪನಿ ಬ್ರಿಗ್ಸ್‌ನ ಮೋಟಾರು ವಿಭಾಗವನ್ನು ಕೊಂಡಿತು. ಹೀಗೆ ಪ್ಯಾಕರ್ಡಿನ ಏಕೈಕ ಸರಬರಾಜುದಾರ ರಾತ್ರೋರಾತ್ರಿ ಪ್ರತಿಸ್ಪರ್ಧಿಯ ಆಸ್ತಿಯಾದ. ಸರಬರಾಜು ಮುಂದುವರಿಯದೆಂದು ತಿಳಿದಾಗ ಪ್ಯಾಕರ್ಡ್ ಕಾನರ್ ಅವೆನ್ಯೂದಲ್ಲಿದ್ದ ಬ್ರಿಗ್ಸ್‌ನ ಹಳೆಯ ಘಟಕವೊಂದನ್ನೇ ಗುತ್ತಿಗೆಗೆ ಪಡೆದು, ಇಡೀ ಜೋಡಣೆಯನ್ನು ಆ ಇಕ್ಕಟ್ಟಿನ ಜಾಗಕ್ಕೆ ಸಾಗಿಸಿತು. 1955ರ ಪ್ಯಾಟ್ರಿಷಿಯನ್‌ನಲ್ಲಿ ಹೊಸ ವಿ-8 ಎಂಜಿನ್ ಇತ್ತು, ಮುಂದಿನ ಮತ್ತು ಹಿಂದಿನ ಚಕ್ರಗಳನ್ನು ಉದ್ದನೆಯ ತಿರುಚು ಸರಳುಗಳಿಂದ ಬೆಸೆದ ನವೀನ ಸಸ್ಪೆನ್ಷನ್ ಇತ್ತು. ತಂತ್ರಜ್ಞಾನದಲ್ಲಿ ಅದು ಯಾರಿಗೂ ಕಡಿಮೆಯಿರಲಿಲ್ಲ. ಜೋಡಣೆಯಲ್ಲಿ ದೋಷಗಳಿದ್ದವು. ಇಟ್ಟುಕೊಂಡವರನ್ನೇ ಕೇಳಿ ಎಂದು ಹೇಳುತ್ತ ಬಂದ ಕಂಪನಿಗೆ, ಇಟ್ಟುಕೊಂಡವರು ಹೇಳುವ ಮಾತೇ ಭಯವಾಗತೊಡಗಿತು.

ಅದೇ ಕಾಲಕ್ಕೆ ರಕ್ಷಣಾ ಇಲಾಖೆಯ ಗುತ್ತಿಗೆಗಳೂ ಕೈತಪ್ಪಿದವು. ಒಬ್ಬ ಸರಬರಾಜುದಾರ, ಒಬ್ಬ ದೊಡ್ಡ ಖರೀದಿದಾರ, ಇಬ್ಬರೂ ಎರಡು ವರ್ಷಗಳೊಳಗೆ ಹೋದರು. ಪೂರ್ವ ಬೆಂಗಳೂರಿನ ಉದ್ದಿಮೆದಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1948ರಲ್ಲಿ ಆರಂಭವಾದ ದೂರವಾಣಿನಗರದ ಐಟಿಐ, 1956ರಲ್ಲಿ ಸ್ಥಾಪನೆಯಾದ ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಈ ಎರಡು ಹೆಬ್ಬಾಗಿಲುಗಳಿಗೆ ಬಿಡಿಭಾಗ ಒದಗಿಸಿ ಬದುಕಿದ ಶೆಡ್ಡುಗಳು ಎಷ್ಟೋ. 1990ರ ದಶಕದಲ್ಲಿ ದೂರಸಂಪರ್ಕ ಕ್ಷೇತ್ರ ತೆರೆದುಕೊಂಡಾಗ ಮೊದಲ ಬಾಗಿಲು ಕಿರಿದಾಯಿತು. 2000ರ ದಶಕದ ಆರಂಭದಲ್ಲಿ ಎರಡನೆಯದು ಮುಚ್ಚಿಯೇಹೋಯಿತು. ಒಂದೇ ಗಿರಾಕಿಯ ಖರೀದಿ ಆದೇಶವನ್ನು ಆಸ್ತಿಯೆಂದು ಭಾವಿಸಿದವರು ಆ ದಿನ ಅದು ಕೇವಲ ಕಾಗದವೆಂದು ಅರಿತರು.

ಸಹಿ ಮೊದಲು, ಲೆಕ್ಕ ಆಮೇಲೆ

1954ರ ಅಕ್ಟೋಬರಿನಲ್ಲಿ ಪ್ಯಾಕರ್ಡ್ ಕಂಪನಿ ಸ್ಟುಡಿಬೇಕರ್ ಕಂಪನಿಯನ್ನು ಕೊಂಡು ಸ್ಟುಡಿಬೇಕರ್-ಪ್ಯಾಕರ್ಡ್ ಆಯಿತು. ಸ್ಟುಡಿಬೇಕರ್ ಭಾರತಕ್ಕೂ ಪರಿಚಿತ ಹೆಸರು. ಹಿಂದೂಸ್ತಾನ್ ಮೋಟಾರ್ಸ್ ಅದರ ಕಾರುಗಳನ್ನು ಇಲ್ಲಿಯೂ ಜೋಡಿಸಿ ಮಾರಿತ್ತು. ಗಾತ್ರ ದೊಡ್ಡದಾದರೆ ವೆಚ್ಚ ಹಂಚಿಹೋಗುತ್ತದೆ ಎಂಬುದು ವಿಲೀನದ ತರ್ಕವಾಗಿತ್ತು. ಖರೀದಿ ಮುಗಿದ ಮೇಲೆ ಸ್ಟುಡಿಬೇಕರಿನ ನಿಜವಾದ ಸಮಸ್ಥಿತಿ ಬಿಂದು, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತ, ವರ್ಷಕ್ಕೆ ಸುಮಾರು 2,82,000 ಕಾರುಗಳೆಂದು ಗೊತ್ತಾಯಿತು. ಆ ವರ್ಷ ಅದು ತಯಾರಿಸಿದ್ದು ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ಮಾತುಕತೆಯ ಮೇಜಿನ ಮೇಲಿದ್ದ ಅಂಕಿಗಳನ್ನು ಖರೀದಿದಾರರು ತಾವೇ ಕುಳಿತು ಪರಿಶೀಲಿಸಿರಲಿಲ್ಲ.

ಈ ಸಾಲುಗಳನ್ನು ಬರೆಯುವಾಗ ನಾನು ಇತರರ ತಪ್ಪನ್ನು ಎತ್ತಿ ತೋರಿಸುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಕಕ್ಷಿದಾರರೊಬ್ಬರು ತಗಡಿನ ಕೆಲಸದ ಒಂದು ರೋಗಗ್ರಸ್ತ ಘಟಕವನ್ನು ಕೊಂಡರು. ತಿಂಗಳಿಗೆ ನಾಲ್ಕು ಸಾವಿರ ನಗ ಮಾರಿದರೆ ಖರ್ಚು ಹೊರಡುತ್ತದೆ ಎಂದು ಮಾರುವವರು ಕೊಟ್ಟ ಪಟ್ಟಿಯಲ್ಲಿತ್ತು. ಬ್ಯಾಂಕಿನ ಗಡುವು ಹತ್ತಿರವಿತ್ತು. ಆ ಅಂಕಿಯನ್ನೇ ಆಧಾರವಾಗಿಟ್ಟುಕೊಂಡು ನಾನು ಅಂದಾಜು ಪಟ್ಟಿ ತಯಾರಿಸಿಕೊಟ್ಟೆ. ಮಾರಿದವರ ಇಬ್ಬರು ಮಕ್ಕಳು ಸಂಬಳವಿಲ್ಲದೆ ಅಲ್ಲಿ ದುಡಿಯುತ್ತಿದ್ದರು, ಶೆಡ್ಡು ಅವರ ನೆಂಟರದಾಗಿದ್ದು ಬಾಡಿಗೆ ಹೆಸರಿಗೆ ಮಾತ್ರವಿತ್ತು, ಪ್ರೆಸ್ಸುಗಳ ದುರಸ್ತಿಯನ್ನು ಮೂರು ವರ್ಷ ಮುಂದೂಡಲಾಗಿತ್ತು. ಇವೆಲ್ಲವನ್ನು ಸೇರಿಸಿದರೆ ನಿಜವಾದ ಸಂಖ್ಯೆ ಏಳು ಸಾವಿರ. ಎರಡು ವರ್ಷದೊಳಗೆ ಅವರು ಇಂದಿರಾನಗರದ ಮನೆ ಮಾರಿ ಸಾಲ ತೀರಿಸಿದರು. ಇಂದಿಗೂ ದಾರಿಯಲ್ಲಿ ಸಿಕ್ಕರೆ ನಿಂತು ಕುಶಲ ವಿಚಾರಿಸುತ್ತಾರೆ. ಅವರು ನನ್ನನ್ನು ಒಂದು ಮಾತೂ ಅಂದಿಲ್ಲ. ನಾನು ಅರ್ಧ ದಿನ ಆ ಶೆಡ್ಡಿನಲ್ಲಿ ನಿಂತು ನೋಡಿದ್ದರೆ ಸಾಕಿತ್ತು.

ಕೊನೆಯ ಅಂಕ

1956ರಲ್ಲಿ ತಯಾರಾದ ಪ್ಯಾಟ್ರಿಷಿಯನ್‌ಗಳ ಸಂಖ್ಯೆ ನಾಲ್ಕು ಸಾವಿರಕ್ಕೂ ಕಡಿಮೆ. ಹೊಸ ಬಂಡವಾಳಕ್ಕೆ ಸಾಲ ದೊರೆಯಲಿಲ್ಲ. ಆ ವರ್ಷದ ಜೂನ್‌ನಲ್ಲಿ ಡೆಟ್ರಾಯಿಟ್‌ನಲ್ಲಿ ಪ್ಯಾಕರ್ಡ್ ತಯಾರಿಕೆ ನಿಂತಿತು. ಅನಂತರದ ಎರಡು ವರ್ಷ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಸ್ಟುಡಿಬೇಕರ್ ಕಾರಿಗೇ ಅಲಂಕಾರ ಮಾಡಿ ಪ್ಯಾಕರ್ಡ್ ಎಂಬ ಪಟ್ಟಿ ಅಂಟಿಸಿ ಮಾರಲಾಯಿತು. ಜನ ಅದನ್ನು ನೋಡಿ ನಕ್ಕರು. 1958ರಲ್ಲಿ ಅದೂ ಮುಗಿಯಿತು. 1962ರಲ್ಲಿ ಕಂಪನಿಯ ಹೆಸರಿನಿಂದಲೂ ಪ್ಯಾಕರ್ಡ್ ಎಂಬ ಪದವನ್ನು ಕೈಬಿಡಲಾಯಿತು. ದಶಕಗಳ ಕಾಲ ಪಾಳುಬಿದ್ದಿದ್ದ ಡೆಟ್ರಾಯಿಟ್ ಕಾರ್ಖಾನೆಯನ್ನು ಕೆಡವುವ ಕೆಲಸ 2022ರಲ್ಲಿ ಆರಂಭವಾಯಿತು.

ಕೊನೆಯ ಎರಡು ವರ್ಷಗಳ ಆ ಅಂಟಿಸಿದ ಪಟ್ಟಿಯೇ ನನ್ನನ್ನು ಕಾಡುವುದು. 1935ರಲ್ಲಿ ಹೆಸರು ಒಂದು ಒಳ್ಳೆಯ ಕಾರಿನ ಮೇಲಿತ್ತು. 1957ರಲ್ಲಿ ಇತರರ ಕಾರಿನ ಮೇಲಿತ್ತು. ಈ ಎರಡರ ನಡುವೆ ಯಾವ ಒಂದು ದಿನವೂ "ಇಂದು ನಾವು ಹೆಸರನ್ನು ಮಾರುತ್ತಿದ್ದೇವೆ" ಎಂದು ಯಾರೂ ಠರಾವು ಮಾಡಿರಲಿಲ್ಲ.

ಹೆಸರನ್ನು ಮೇಲಕ್ಕೂ ಒಯ್ಯಬಹುದು ಎಂಬುದಕ್ಕೆ ನಮ್ಮಲ್ಲಿಯೇ ಉದಾಹರಣೆಯಿದೆ. 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಸಾಬೂನು ಕಾರ್ಖಾನೆಯ ಮೈಸೂರು ಸ್ಯಾಂಡಲ್ ಸಾಬೂನು ಶ್ರೀಗಂಧದ ಎಣ್ಣೆಯನ್ನು ಬಿಟ್ಟುಕೊಡದೆ ನಡೆಯಿತು. ಅದೇ ಹೆಸರಿನಲ್ಲಿ 2012ರಲ್ಲಿ 720 ರೂಪಾಯಿ ಬೆಲೆಯ 'ಮಿಲೇನಿಯಂ' ಸಾಬೂನು ಬಂದಾಗ ಹಾಸ್ಯ ಮಾಡಿದವರುಂಟು. ಆದರೆ ಸಾಮಾನ್ಯರ ಬಚ್ಚಲಿನ ಸಾಬೂನಿಗೆ ಅದರಿಂದ ಗೌರವ ಹೆಚ್ಚಿತೇ ಹೊರತು ಕುಂದಲಿಲ್ಲ.

ಸದಸ್ಯರಿಗೆ ನಾಲ್ಕು ಸಲಹೆಗಳು

ಮೊದಲನೆಯದಾಗಿ, ಅಗ್ಗದ ಸರಕು ಮಾರುವುದು ಅನಿವಾರ್ಯವಾದರೆ ಮಾರಿರಿ, ಆದರೆ ಅದಕ್ಕೆ ಬೇರೆ ಹೆಸರಿಡಿ. ಮೊದಲ ದಿನವೇ ಇಡಿ. ಹೊಸ ಟ್ರೇಡ್‌ಮಾರ್ಕ್ ನೋಂದಣಿಯ ವೆಚ್ಚ, ಕಳೆದುಹೋದ ಹೆಸರನ್ನು ಮರಳಿ ಪಡೆಯುವ ವೆಚ್ಚದ ಮುಂದೆ ಏನೇನೂ ಅಲ್ಲ.

ಎರಡನೆಯದಾಗಿ, ವರ್ಷಕ್ಕೊಮ್ಮೆ ಲೆಕ್ಕಪರಿಶೋಧನೆ ಮುಗಿದ ಮೇಲೆ, ಪುಸ್ತಕದ ಹೊರಗೆ ಒಂದು ಹಾಳೆಯಲ್ಲಿ ಬರೆಯಿರಿ: ಮರಳಿ ಬಂದ ಮಾಲು ಎಷ್ಟು, ಹಳೆಯ ಗಿರಾಕಿಗಳಲ್ಲಿ ಈ ವರ್ಷ ಬಾರದವರು ಯಾರು, ಬೆಲೆ ಇಳಿಸದೆ ಮಾರಿದ್ದು ಎಷ್ಟು ಪಾಲು. ಹೆಸರಿನ ಸವಕಳಿಯನ್ನು ಅಳೆಯಲು ಸದ್ಯಕ್ಕೆ ಇದಕ್ಕಿಂತ ಉತ್ತಮ ತಕ್ಕಡಿ ನಮ್ಮಲ್ಲಿಲ್ಲ.

ಮೂರನೆಯದಾಗಿ, ನಿಮ್ಮ ಸರಕಿನ ಮೈಕಟ್ಟು ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳಿ. ಮುಖ್ಯ ಭಾಗಕ್ಕೆ ಒಬ್ಬನೇ ಸರಬರಾಜುದಾರನಿದ್ದರೆ, ಎರಡನೆಯವನಿಗೆ ದರ ಸ್ವಲ್ಪ ಹೆಚ್ಚಾದರೂ ಒಂದು ಪಾಲು ಕೊಡಿ. ಆ ಹೆಚ್ಚುವರಿ ಹಣವನ್ನು ವಿಮೆಯ ಕಂತೆಂದು ತಿಳಿಯಿರಿ.

ನಾಲ್ಕನೆಯದಾಗಿ, ಇತರರ ಘಟಕವನ್ನು ಕೊಳ್ಳುವಾಗ ಅವರು ಕೊಟ್ಟ ಅಂಕಿಯನ್ನು ನಂಬಬೇಡಿ. ನಿಮ್ಮ ಲೆಕ್ಕಪರಿಶೋಧಕರು ಆ ಅಂಕಿಯನ್ನೇ ನಕಲು ಮಾಡಿಕೊಟ್ಟರೆ ಅವರನ್ನೂ ನಂಬಬೇಡಿ. ಈ ಮಾತನ್ನು ಹೇಳುವ ಅಧಿಕಾರ ನನಗಿದೆ.

ತಕ್ಕಡಿಯ ಕಕ್ಷಿದಾರರಿಗೆ ನಾನು ಎರಡು ಅಂದಾಜು ಪಟ್ಟಿಗಳನ್ನು ಸಿದ್ಧಪಡಿಸಿಕೊಟ್ಟೆ. ಒಂದು ಅವರು ಕೇಳಿದಂತೆ, ಮನೆತನದ ಹೆಸರಿನಲ್ಲಿ. ಇನ್ನೊಂದು ಬೇರೆ ಹೆಸರಿನಲ್ಲಿ. ಎರಡನೆಯದರಲ್ಲಿ ವಹಿವಾಟು ಮೂರರಷ್ಟಾಗಲು ಎರಡು ವರ್ಷವಲ್ಲ, ಐದು ವರ್ಷ ಬೇಕು. ಬ್ಯಾಂಕಿಗೆ ಮೊದಲನೆಯದೇ ಇಷ್ಟವಾದೀತೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಎರಡನ್ನೂ ಮಡಚಿ ಚೀಲದಲ್ಲಿಟ್ಟುಕೊಂಡು, "ಅಪ್ಪನನ್ನು ಒಂದು ಮಾತು ಕೇಳಿ ಬರುತ್ತೇನೆ ಸಾರ್" ಎಂದರು. ತಂದೆಯವರಿಗೆ ಈಗ ಎಂಬತ್ತು ದಾಟಿದೆ, ಅಂಗಡಿಗೆ ಬರುವುದನ್ನು ಬಿಟ್ಟು ಬಹಳ ವರ್ಷವಾಯಿತು. ಆದರೆ ಆ ಹೆಸರಿನ ಲೆಕ್ಕ ಯಾವ ಪುಸ್ತಕದಲ್ಲಾದರೂ ಇದ್ದರೆ ಅದು ಅವರ ಬಳಿಯೇ ಇದೆ. ಮಗ ಕೇಳಬೇಕಾದವರನ್ನೇ ಕೇಳಲು ಹೊರಟಿದ್ದಾರೆಂದು ನನಗೆ ಸಮಾಧಾನವಾಯಿತು.